ನಿಮ್ಮ ಗಿಟ್ ಕೂಡ ಎಸ್‌ವಿಎನ್ನೇ ಸ್ವಾಮಿ!

ನಮಸ್ಕಾರ. ಹೋದ ವಿಡಿಯೋದಲ್ಲಿ, ಕೋಡಿನಲ್ಲಿ ಯಾರು ಯಾವಾಗ ಏನು ಬದಲಿಸಿದರು ಅನ್ನುವ ಲೆಕ್ಕವನ್ನು ಒಂದೇ ಸರ್ವರ್‌ನಲ್ಲಿ ಇಡುವ ಸಬ್‌ವರ್ಷನ್ (ಎಸ್‌ವಿಎನ್) ಕೆಲವು ಟೀಮ್‌ಗಳಿಗೆ ಇವತ್ತಿಗೂ ಸಾಕು ಅಂದಿದ್ದೆ. ಅಷ್ಟಕ್ಕೇ ಒಬ್ಬರು ಕಾಮೆಂಟ್ ಹಾಕಿದ್ದಾರೆ: "ಅಂಕಲ್, ಎಸ್‌ವಿಎನ್ ಮ್ಯೂಸಿಯಂ ಸೇರಿದೆ. ನಮ್ಮದು ಗಿಟ್, ಡಿಸ್ಟ್ರಿಬ್ಯೂಟೆಡ್." ಅಂಕಲ್ ಅಂದಿದ್ದಕ್ಕೆ ಬೇಜಾರಿಲ್ಲ. ಡಿಸ್ಟ್ರಿಬ್ಯೂಟೆಡ್ ಅಂದಿದ್ದಕ್ಕೆ ಮೈ ಉರಿಯಿತು. ಗಿಟ್ ಕೂಡ ಅದೇ ಲೆಕ್ಕ ಇಡುವ ಸಾಧನ, ಆದರೆ ಪೂರ್ತಿ ಚರಿತ್ರೆಯ ಕಾಪಿ ಎಲ್ಲರ ಹತ್ತಿರವೂ ಇರುತ್ತದೆ, ಒಂದೇ ಸರ್ವರ್ ನಂಬಿ ಕೂರಬೇಕಿಲ್ಲ; ಅದಕ್ಕೇ ಆ ಹೆಸರು.

ಟೀಮ್‌ಗಳು ಗಿಟ್ ಕೋಡ್ ಇಡುವ ಸೈಟು ಗಿಟ್‌ಹಬ್ ಅರ್ಧ ಗಂಟೆ ಬಿದ್ದರೆ ನಿಮ್ಮ ಟೀಮ್ ಏನು ಮಾಡುತ್ತದೆ? ಟೀ ಕುಡಿಯಲು ಹೋಗುತ್ತದೆ. ಅಲ್ವಾ? ಪಕ್ಕದ ಸೀಟಿನವರ ಲ್ಯಾಪ್‌ಟಾಪ್‌ನಿಂದ ನೇರವಾಗಿ ಕೋಡ್ ಎಳೆದುಕೊಂಡವರನ್ನು (ಪುಲ್ ಮಾಡಿದವರನ್ನು) ನಾನಂತೂ ನೋಡಿಲ್ಲ. ಒಂದು ಸರ್ವರ್, ಒಂದು ಮೇನ್ ಬ್ರಾಂಚ್ (ಕೋಡಿನ ಮುಖ್ಯ ಕವಲು), ಎಲ್ಲರೂ ತಮ್ಮ ಕೋಡ್ ತಳ್ಳುವುದು (ಪುಶ್) ಅಲ್ಲಿಗೇ. ಇದು ಸೆಂಟ್ರಲ್ ಅಲ್ಲದೆ ಇನ್ನೇನು?

ಬಿಟ್‌ಕೀಪರ್ ಅನ್ನುವ ಇಂಥದ್ದೇ ಸಾಧನ ಪುಕ್ಕಟೆ ಸಿಗುವುದು ನಿಂತಾಗ, 2005ರ ಏಪ್ರಿಲ್‌ನಲ್ಲಿ ಲಿನಕ್ಸ್ ಜನಕ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಕರ್ನಲ್‌ಗಾಗಿ (ಅದರ ತಿರುಳಿನ ಕೋಡಿಗಾಗಿ) ಗಿಟ್ ಬರೆದರು. ಅಲ್ಲಿ ಪ್ಯಾಚ್, ಅಂದರೆ ಕೋಡಿನ ತಿದ್ದುಪಡಿ, ಇಮೇಲ್‌ನಲ್ಲಿ ಬರುತ್ತದೆ. ನೆಟ್‌ವರ್ಕಿಂಗ್ ನೋಡಿಕೊಳ್ಳುವವರದ್ದು ಒಂದು ಟ್ರೀ (ತಮ್ಮದೇ ಕೋಡ್ ಕಾಪಿ), ಫೈಲ್‌ಸಿಸ್ಟಮ್‌ನವರದ್ದು ಇನ್ನೊಂದು. ಲಿನಸ್ ತಾವು ನಂಬಿದವರ ಟ್ರೀಗಳಿಂದ ಪುಲ್ ಮಾಡುತ್ತಾರೆ. ಅದು ಡಿಸ್ಟ್ರಿಬ್ಯೂಟೆಡ್. ಎಂಟು ಜನ ಸೇರಿ ಬಿಲ್ಲಿಂಗ್ ಆ್ಯಪ್ ಮಾಡುವ ನಿಮ್ಮದು? ಇಡ್ಲಿ ತರಲು ಲಾರಿ ಕಳಿಸಿದ ಹಾಗೆ.

ಇಲ್ಲೊಂದು ಜಾಹೀರಾತು. ನನ್ನ ಗಿಟ್ ಕೋರ್ಸಿನ ಲಿಂಕ್ ಕೆಳಗಿದೆ. ಹೌದು, ಗಿಟ್ ಕೋರ್ಸೇ. ಹೊಟ್ಟೆಪಾಡು.

"ಸರ್, ನೆಟ್ ಇಲ್ಲದೆ ಕಮಿಟ್ ಮಾಡಬಹುದು, ಬದಲಾವಣೆ ದಾಖಲಿಸಬಹುದು." ಮಾಡಿ! ಶಿರಾಡಿ ಘಾಟಿಯಲ್ಲಿ ಜನ ಕಿಟಕಿಯಾಚೆ ಹಸಿರು ನೋಡುತ್ತಾರೆ, ನೀವು ಗಿಟ್ ಲಾಗ್ (ಹಳೆಯ ಬದಲಾವಣೆಗಳ ಪಟ್ಟಿ) ನೋಡಿ. "ಬ್ರಾಂಚ್ ಹಗುರ ಸರ್." ಎಸ್‌ವಿಎನ್‌ನಲ್ಲೂ ಬ್ರಾಂಚ್ ಹಗುರವೇ. ಪ್ರಾಣ ತಿನ್ನುತ್ತಿದ್ದದ್ದು ಮರ್ಜ್, ಅಂದರೆ ಬ್ರಾಂಚ್‌ಗಳನ್ನು ಮತ್ತೆ ಸೇರಿಸುವುದು. ಯಾವುದು ಮರ್ಜ್ ಆಗಿದೆ ಅನ್ನುವ ಲೆಕ್ಕ ಇಡಲು ಎಸ್‌ವಿಎನ್ ಕಲಿತದ್ದೇ 2008ರಲ್ಲಿ, ಅದರ 1.5 ಆವೃತ್ತಿ ಬಂದಾಗ. ಅಷ್ಟರಲ್ಲಿ ಜನ ಓಡಿಹೋಗಿದ್ದರು, ಅದು ಬೇರೆ ಮಾತು.

ದೊಡ್ಡವರನ್ನೇ ನೋಡಿ. ಮೈಕ್ರೋಸಾಫ್ಟ್ 2017ರಲ್ಲಿ ವಿಂಡೋಸ್ ಕೋಡನ್ನು ಗಿಟ್‌ಗೆ ತಂದಿತು. ಸುಮಾರು 300 ಜಿಬಿ, 35 ಲಕ್ಷ ಫೈಲು. ಅಷ್ಟನ್ನೂ ಪ್ರತಿ ಲ್ಯಾಪ್‌ಟಾಪಿಗೂ ಯಾರು ಇಳಿಸಿಕೊಳ್ಳುತ್ತಾರೆ? ಅದಕ್ಕೇ, ತೆರೆದ ಫೈಲನ್ನು ಮಾತ್ರ ಸರ್ವರ್‌ನಿಂದ ತರಿಸುವ ವ್ಯವಸ್ಥೆ ಮಾಡಿದರು. ಅಂದರೆ ಮತ್ತೆ ಸರ್ವರ್! ಎಷ್ಟೋ ಗೇಮ್ ಸ್ಟುಡಿಯೋಗಳು ಸೆಂಟ್ರಲ್ ಸರ್ವರ್ ಇರುವ ಪರ್ಫೋರ್ಸ್ ಅನ್ನುವ ಸಾಧನವನ್ನು ಇನ್ನೂ ಬಿಟ್ಟಿಲ್ಲ. ಒಂದೇ ತ್ರೀಡಿ ಮಾಡೆಲ್ ಅನ್ನು ಇಬ್ಬರು ತಿದ್ದಿದರೆ ಮರ್ಜ್ ಮಾಡುವುದು ಹೇಗೆ? ಬೀಗ ಹಾಕಲೇಬೇಕು, ಬೀಗಕ್ಕೆ ಒಂದು ಸೆಂಟರ್ ಬೇಕೇ ಬೇಕು.

"ಆದರೆ ಸರ್, ಬ್ಯಾಕಪ್..." ಆಯ್ತು ಮಾರಾಯ್ರೇ, ಎಲ್ಲರ ಹತ್ತಿರವೂ ಕಾಪಿ ಇದೆ. ಆದರೂ ಟೀ ಕುಡಿಯಲು ಹೋದಿರಿ ತಾನೇ? ಸುಮ್ನೆ ಜಾಸ್ತಿ ಮಾತಾಡಬೇಡಿ. ಸೆಂಟ್ರಲ್, ಸೆಂಟ್ರಲ್, ಸೆಂಟ್ರಲ್!

ಈಗಲೇ ಟರ್ಮಿನಲ್‌ನಲ್ಲಿ ಗಿಟ್ ರಿಮೋಟ್ ಮೈನಸ್ ವಿ ಹೊಡೆಯಿರಿ, ನಿಮ್ಮ ಕೋಡ್ ಯಾವ ಸರ್ವರ್‌ಗೆ ಹೋಗುತ್ತದೆ ಅಂತ ತೋರಿಸುತ್ತದೆ. ಎರಡು ಸಾಲು ಬಂತು ಅಂತ ಹಿಗ್ಗಬೇಡಿ, ಒಂದು ಫೆಚ್ (ತರಲು), ಇನ್ನೊಂದು ಪುಶ್ (ಕಳಿಸಲು), ವಿಳಾಸ ಒಂದೇ. ಒಂದೇ ವಿಳಾಸ ಬಂದವರೆಲ್ಲ ಸಬ್‌ಸ್ಕ್ರೈಬ್ ಆಗಿ. ಆ ಕಾಮೆಂಟ್ ಹಾಕಿದವರು ಬೆಲ್ ಕೂಡ ಒತ್ತಬೇಕು.