ಡಾಕ್ಟರ ಕೈಯಲ್ಲಿ ಚುಕ್ಕಾಣಿ

ಕೇಳುಗರೇ, ನಮಸ್ಕಾರ.

1801ರ ಮೇ 6. ಸ್ಪೇನಿನ ಬಾರ್ಸಿಲೋನಾ ಹತ್ತಿರದ ಸಮುದ್ರ. ಬ್ರಿಟಿಷ್ ನೌಕಾಪಡೆಯ ಪುಟ್ಟ ಹಡಗೊಂದು ಹೊರಟಿದೆ, ಹೆಸರು ಸ್ಪೀಡಿ. ಅದರಲ್ಲಿ 14 ಸಣ್ಣ ಫಿರಂಗಿ, 54 ಜನ. ಒಂದು ಬದಿಯ ಗುಂಡುಗಳನ್ನೆಲ್ಲ ಒಟ್ಟಿಗೆ ತೂಗಿದರೆ 28 ಪೌಂಡು. ನಾವು ಅಂಗಡಿಯಿಂದ ತರುತ್ತೇವಲ್ಲ 25 ಕಿಲೋ ಅಕ್ಕಿಚೀಲ, ಅದರ ಅರ್ಧ! ಎದುರಿಗೆ ಬಂದದ್ದು ಸ್ಪೇನಿನ ಗಾಮೋ. 32 ಫಿರಂಗಿ, 319 ಜನ.

ಸ್ಪೀಡಿಯ ನಾಯಕ ಥಾಮಸ್ ಕಾಕ್ರೇನ್ ಓಡಿಹೋಗಲಿಲ್ಲ. ಗಾಮೋದ ಮಗ್ಗುಲಿಗೇ ಹಡಗನ್ನು ತಂದು ಅಂಟಿಸಿದ. ಅಷ್ಟು ಹತ್ತಿರ ಬಂದದ್ದರಿಂದ ದೊಡ್ಡ ಹಡಗಿನ ಗುಂಡುಗಳು ಇವರ ತಲೆಯ ಮೇಲೆಯೇ ಹಾರಿಹೋದವು. ಆಮೇಲೆ ಇದ್ದಬದ್ದವರನ್ನೆಲ್ಲ ಕರೆದುಕೊಂಡು ಆ ಹಡಗನ್ನೇ ಹತ್ತಿದ. ಹಾಗಾದರೆ ಸ್ಪೀಡಿಯ ಚುಕ್ಕಾಣಿ ಹಿಡಿದವರು ಯಾರು? ಹಡಗಿನ ಡಾಕ್ಟರು! ಗೆದ್ದದ್ದೂ ಚಿಕ್ಕ ಹಡಗೇ.

ಇದು ನಿಜವಾಗಿ ನಡೆದದ್ದು. ಪ್ಯಾಟ್ರಿಕ್ ಓಬ್ರಯನ್ ಎಂಬ ಲೇಖಕ ಇದನ್ನೇ ಎತ್ತಿಕೊಂಡು, ಹೆಸರುಗಳನ್ನು ಬದಲಿಸಿ, 1969ರಲ್ಲಿ ಒಂದು ಕಾದಂಬರಿ ಬರೆದ. ಅಲ್ಲಿಂದ ಮೂವತ್ತು ವರ್ಷ ಅದೇ ಇಬ್ಬರು ಗೆಳೆಯರ ಕಥೆ ಮುಂದುವರಿಸಿದ. ಒಟ್ಟು 20 ಕಾದಂಬರಿ. ಒಬ್ಬ ಕ್ಯಾಪ್ಟನ್ ಜ್ಯಾಕ್ ಆಬ್ರಿ. ಇನ್ನೊಬ್ಬ ಡಾಕ್ಟರ್ ಸ್ಟೀಫನ್ ಮ್ಯಾಚುರಿನ್.

ಇಪ್ಪತ್ತನ್ನೂ ಓದಿ ಮುಗಿಸಿ, ಮತ್ತೆ ಒಂದನೆಯದಕ್ಕೆ ಕೈ ಹಾಕುವ ಓದುಗರು ಜಗತ್ತಿನ ತುಂಬ ಇದ್ದಾರೆ. ಹಾಗೆ ಒಂದು ಸುತ್ತು ಮುಗಿಸುವುದಕ್ಕೆ ಅವರು ಇಟ್ಟ ಹೆಸರು ಭೂಪ್ರದಕ್ಷಿಣೆ. ಕಥೆಯಲ್ಲಿ ಬರುವ ಅಡುಗೆಗಳನ್ನು ಮಾಡಿ ನೋಡಿ ಪುಸ್ತಕವನ್ನೇ ತಂದವರಿದ್ದಾರೆ. ಬರೀ ಪದಗಳನ್ನು ಬಿಡಿಸಿ ಹೇಳುವ ನಿಘಂಟೂ ಬಂದಿದೆ.

ನಿಘಂಟು ಬೇಕೇಬೇಕು ಅನ್ನಿಸುತ್ತದೆ, ಮೊದಲಿಗೆ. ನಾನೂ ಮೊದಲ ಸಲ ನಲವತ್ತು ಪುಟಕ್ಕೇ ಪುಸ್ತಕ ಮಡಚಿಟ್ಟವನು. ಯಾವ ಹಗ್ಗ, ಯಾವ ಹಾಯಿ, ಯಾವ ಕಂಬ, ಒಂದೂ ಗೊತ್ತಾಗಲಿಲ್ಲ. ಎರಡನೇ ಸಲ ಓದುವಾಗ ಒಂದು ವಿಷಯ ಹೊಳೆಯಿತು. ಆ ಡಾಕ್ಟರಿಗೂ ಏನೂ ಗೊತ್ತಿಲ್ಲ! ದೊಡ್ಡ ವಿದ್ವಾಂಸ, ಹಕ್ಕಿ, ಹುಳು, ಗಿಡ ಎಲ್ಲ ಬಲ್ಲವನು, ಗೂಢಚಾರ ಬೇರೆ. ಆದರೆ ದೋಣಿಯಿಂದ ಹಡಗಿಗೆ ಕಾಲಿಡುವಾಗ ನಡುವೆ ನೀರಿಗೆ ಬೀಳುತ್ತಾನೆ. ಒಂದು ಸಲ ಅಲ್ಲ, ಎಷ್ಟೋ ಸಲ. ಮೊದಲ ಕಾದಂಬರಿಯಲ್ಲಿ ಹಡಗಿನ ಹುಡುಗನೊಬ್ಬ ಅವನನ್ನು ಕಂಬದ ಮೇಲೆ ಹತ್ತಿಸಿ ಹಾಯಿಗಳ ಹೆಸರು ಹೇಳಿಕೊಡುತ್ತಾನೆ. ಡಾಕ್ಟರು ಕೇಳುತ್ತಾನೆ, ಮರೆಯುತ್ತಾನೆ. ನಾವೂ ಅಷ್ಟೇ. ಮದುವೆಯಾಗಿ ಹೊಸ ಮನೆಗೆ ಬಂದವರಿಗೆ ಉಪ್ಪಿನ ಡಬ್ಬಿ ಎಲ್ಲಿದೆ ಅಂತ ಯಾರೂ ಕೂರಿಸಿ ಪಾಠ ಮಾಡುವುದಿಲ್ಲ, ಅಲ್ವಾ? ಇದ್ದು ಇದ್ದು ಕೈಗೆ ಬರುತ್ತದೆ. ಐದನೇ ಪುಸ್ತಕದ ಹೊತ್ತಿಗೆ ಗಾಳಿ ತಿರುಗಿತು ಅಂದರೆ ಸಾಕು, ನಮ್ಮ ಎದೆಯೂ ಒಂದು ಸಲ ಹೊಡೆದುಕೊಳ್ಳುತ್ತದೆ.

ಕಾಳಗಕ್ಕಾಗಿ ಓದುತ್ತಾರೆ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಎಷ್ಟೋ ಅಧ್ಯಾಯಗಳಲ್ಲಿ ಒಂದು ಗುಂಡೂ ಹಾರುವುದಿಲ್ಲ. ರಾತ್ರಿ ಕೋಣೆಯಲ್ಲಿ ಕ್ಯಾಪ್ಟನ್ ಪಿಟೀಲು, ಡಾಕ್ಟರು ಚೆಲ್ಲೋ ನುಡಿಸುತ್ತಾರೆ. ಕೆಲಸದಾಳು ಗೊಣಗುತ್ತಾ ಸುಟ್ಟ ಚೀಸ್ ತಂದಿಡುತ್ತಾನೆ. ಮೂರನೇ ಕಾದಂಬರಿಯಲ್ಲಂತೂ ಡಾಕ್ಟರು ಸ್ಲಾತ್ ಎಂಬ ಮೆಲ್ಲನಡೆಯ ಪ್ರಾಣಿ ಸಾಕಿರುತ್ತಾನೆ. ಅದು ಕ್ಯಾಪ್ಟನ್ನನ ಮುಖ ನೋಡಿದರೆ ಅಳುತ್ತದೆ. ಒಲಿಸಿಕೊಳ್ಳಲು ಅವನು ರಮ್ಮಿನಲ್ಲಿ ನೆನೆಸಿದ ಕೇಕು ತಿನ್ನಿಸುತ್ತಾನೆ. ಆಮೇಲೆ ಡಾಕ್ಟರ ಸಿಟ್ಟು ನೋಡಬೇಕು!

ಅದೇ ಕಾದಂಬರಿಯಲ್ಲಿ ಹಡಗು ಮುಂಬಯಿಗೆ ಬರುತ್ತದೆ. ಬೀದಿಯ ಒಬ್ಬ ಪುಟ್ಟ ಹುಡುಗಿ, ದಿಲ್ ಅಂತ, ಡಾಕ್ಟರಿಗೆ ಊರು ತೋರಿಸುತ್ತಾಳೆ. ಅವಳಿಗೆ ಬೆಳ್ಳಿ ಬಳೆ ಅಂದರೆ ಆಸೆ. ಅವನು ಪ್ರೀತಿಯಿಂದ ಕೊಡಿಸುತ್ತಾನೆ. ಆ ಬಳೆಗಾಗಿಯೇ ಯಾರೋ ಅವಳನ್ನು ಕೊಂದುಬಿಡುತ್ತಾರೆ. ಅದನ್ನು ಓದಿದ ದಿನ ನಾನು ಮುಂದಕ್ಕೆ ಓದಲಿಲ್ಲ.

ನಮ್ಮನ್ನು ಆಳಿದವರ ನೌಕಾಪಡೆಯ ಕಥೆ ನಮಗ್ಯಾಕೆ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಬಲವಂತವಾಗಿ ಹಿಡಿದು ತಂದ ನಾವಿಕರು, ಬೆನ್ನ ಮೇಲಿನ ಚಾಟಿಯೇಟು, ಇವನ್ನೆಲ್ಲ ಲೇಖಕ ಮುಚ್ಚಿಡುವುದಿಲ್ಲ. ಡಾಕ್ಟರು ಅರ್ಧ ಐರಿಷ್, ಅರ್ಧ ಕ್ಯಾಟಲನ್. ದೊರೆತನ ಅಂದರೆ ಅವನಿಗೆ ಆಗುವುದಿಲ್ಲ. ಇನ್ನು ಆ ಕಾಲದ ಹಡಗುಗಳು ಪೂರ್ತಿ ಅವರದ್ದೂ ಅಲ್ಲ ಬಿಡಿ. ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ಇವತ್ತಿಗೂ ತೇಲುತ್ತಿರುವ ಟ್ರಿಂಕೋಮಲಿ ಹಡಗನ್ನು 1817ರಲ್ಲಿ ಕಟ್ಟಿದ್ದು ಮುಂಬಯಿಯ ವಾಡಿಯಾ ಮನೆತನದವರು, ಮಲಬಾರಿನ ತೇಗದಲ್ಲಿ.

ಒಂದು ತಮಾಷೆ ಹೇಳಬೇಕು. ಈ ಕಥೆಯೆಲ್ಲ ನಡೆಯುವುದು ಫ್ರಾನ್ಸಿನ ನೆಪೋಲಿಯನ್ ಜೊತೆಗಿನ ಯುದ್ಧದ ಕಾಲದಲ್ಲಿ. ಕಥೆ ಬೆಳೆದ ಹಾಗೆ ಲೇಖಕನಿಗೆ ಆ ಯುದ್ಧದ ವರ್ಷಗಳೇ ಸಾಲದಾದವು. ನೆಪೋಲಿಯನ್ 1815ಕ್ಕೆ ಸೋತುಬಿಡುತ್ತಾನಲ್ಲ! ಹತ್ತನೇ ಕಾದಂಬರಿಯ ಮುನ್ನುಡಿಯಲ್ಲಿ ಆತ ಒಪ್ಪಿಕೊಂಡೇಬಿಟ್ಟ, ಇನ್ನು ಮುಂದೆ 1812-ಎ, 1812-ಬಿ ಅಂತ ವರ್ಷಗಳನ್ನು ಸೃಷ್ಟಿಸಬೇಕಾಗಬಹುದು ಎಂದು. ಇತಿಹಾಸದ ಬಗ್ಗೆ ಅಷ್ಟು ಕಟ್ಟುನಿಟ್ಟಾದ ಓದುಗರು ಇದಕ್ಕೆ ಮಾತ್ರ ತಕರಾರು ತೆಗೆಯುವುದಿಲ್ಲ.

ಓಬ್ರಯನ್ 2000ದ ಜನವರಿಯಲ್ಲಿ ತೀರಿಕೊಂಡ. ಮೇಜಿನ ಮೇಲೆ 21ನೆಯದು ಅರ್ಧಕ್ಕೆ ನಿಂತಿತ್ತು. 2004ರಲ್ಲಿ ಅದನ್ನು ಹಾಗೆಯೇ ಅಚ್ಚು ಹಾಕಿದರು. ಯಾರೂ ಮುಗಿಸಲು ಹೋಗಲಿಲ್ಲ. ನನ್ನ ಕಪಾಟಿನಲ್ಲೂ ಒಂದು ಪ್ರತಿ ಇದೆ. ಇನ್ನೂ ತೆರೆದಿಲ್ಲ. ಹೋದ ವಾರ ಮತ್ತೆ ಒಂದನೆಯದನ್ನು ಶುರುಮಾಡಿದೆ. ಡಾಕ್ಟರು ಈಗಷ್ಟೇ ಕಂಬ ಹತ್ತುತ್ತಿದ್ದಾನೆ.

ನಮಸ್ಕಾರ.