ಕೊಂದದ್ದು ಯಾರು?

ಎಲ್ಲರಿಗೂ ನಮಸ್ಕಾರ. ಉಡುಪಿಯಲ್ಲಿ ‘ಆಟದ ಬಗ್ಗೆ ಮಾತಾಡುತ್ತೇನೆ’ ಅಂದರೆ ಎಂತ ಆಗುತ್ತದೆ ಗೊತ್ತಲ್ಲ? ಇಲ್ಲಿ ಆಟ ಅಂದರೆ ಯಕ್ಷಗಾನವೇ. ನಿನ್ನೆ ಒಬ್ಬರು ಫೋನ್ ಮಾಡಿ ‘ಯಾವ ಮೇಳ?’ ಅಂತ ಕೇಳಿದರು. ಚೆಂಡೆ ಇಲ್ಲ, ಇದು ವಿಡಿಯೋ ಗೇಮ್ ಅಂದೆ. ‘ಓ’ ಅಂದವರೇ ಫೋನ್ ಇಟ್ಟರು. ಇವತ್ತು ಬಂದ ಹಾಗೆ ಕಾಣುವುದಿಲ್ಲ.

ಜಡಿಮಳೆಯ ಈ ಆಟಿ ತಿಂಗಳಲ್ಲಿ ಈ ವಿಷಯ ಸಿಕ್ಕಿದ್ದು ಒಳ್ಳೆಯದೇ. ಬೆಳಿಗ್ಗೆ ಬೆಲ್ಟ್ ತೆಗೆದರೆ ಮೇಲೆಲ್ಲ ಬೂಷ್ಟು. ಒರೆಸಿಕೊಂಡೇ ಬಂದೆ. ಅಂಥ ಬೂಷ್ಟು ಮನುಷ್ಯನ ತಲೆಯೊಳಗೆ ಬೆಳೆದರೆ? ‘ದಿ ಲಾಸ್ಟ್ ಆಫ್ ಅಸ್’ ಅನ್ನುವ ಗೇಮ್, ಅದರಿಂದ ಮಾಡಿದ ಟಿವಿ ಸರಣಿ, ಎರಡೂ ಶುರುವಾಗುವುದೇ ಅಲ್ಲಿಂದ. ಕಾರ್ಡಿಸೆಪ್ಸ್ ಅನ್ನುವ ಶಿಲೀಂಧ್ರ ನಿಜಕ್ಕೂ ಇದೆ. ಅದರ ಒಂದು ಬಗೆ ಇರುವೆಯ ಮೈಹೊಕ್ಕು, ಗಿಡ ಹತ್ತಿಸಿ, ಎಲೆ ಕಚ್ಚಿಸಿ ಕೊಲ್ಲುತ್ತದೆ. ಆಮೇಲೆ ಸತ್ತ ಇರುವೆಯಿಂದ ಕಡ್ಡಿಯ ಹಾಗೆ ಹೊರಗೆ ಚಿಗುರುತ್ತದೆ. ಮನುಷ್ಯರಿಗೆ ಬರುವುದಿಲ್ಲ, ಹೆದರಬೇಡಿ. ನಮ್ಮ ಮೈಯ 37 ಡಿಗ್ರಿ ಬಿಸಿ ಹೆಚ್ಚಿನ ಶಿಲೀಂಧ್ರಗಳಿಗೆ ಆಗುವುದಿಲ್ಲ. ಸರಣಿಯ ಮೊದಲ ದೃಶ್ಯದಲ್ಲೇ, 1968ರ ಒಂದು ಟಿವಿ ಚರ್ಚೆಯಲ್ಲಿ, ವಿಜ್ಞಾನಿಯೊಬ್ಬ ಕೇಳುತ್ತಾನೆ: ಭೂಮಿಯೇ ಸ್ವಲ್ಪ ಬಿಸಿಯಾದರೆ? ಈ ದೃಶ್ಯ ಗೇಮ್‌ನಲ್ಲಿ ಇಲ್ಲ.

ಗೇಮ್ ಬಂದದ್ದು 2013ರಲ್ಲಿ. ಎಚ್‌ಬಿಒ ಚಾನೆಲ್‌ನ ಸರಣಿ 2023ರಲ್ಲಿ, ಮೊದಲ ಸೀಸನ್ ಒಂಬತ್ತು ಕಂತು. ನಾನು ಹೇಳುವುದು ಆ ಸೀಸನ್ ಬಗ್ಗೆ. ಗೇಮ್ ಬರೆದ ನೀಲ್ ಡ್ರಕ್‌ಮನ್ ಅವರೇ ಕ್ರೇಗ್ ಮೇಝಿನ್ ಜೊತೆ ಸೇರಿ ಸರಣಿ ಮಾಡಿದರು. ಕಥೆ ಸಣ್ಣದು. ಮಗಳನ್ನು ಕಳಕೊಂಡ ಜೋಯೆಲ್, ಸೋಂಕು ತಟ್ಟದ ಹುಡುಗಿ ಎಲಿಯನ್ನು ಹಾಳುಬಿದ್ದ ಅಮೆರಿಕದ ಉದ್ದಕ್ಕೂ ಕರೆದುಕೊಂಡು ಹೋಗುತ್ತಾನೆ. ಕೊನೆಗೆ ಆಸ್ಪತ್ರೆ. ಅವಳ ಮಿದುಳು ತೆಗೆದರೆ ಔಷಧಿ ಸಿಗಬಹುದು, ಆದರೆ ಅವಳು ಉಳಿಯುವುದಿಲ್ಲ.

ನಾನು ಇದನ್ನು ಮೊದಲು ನೋಡಿದ್ದು ಮಂಗಳೂರಿನಲ್ಲಿ, ಅಕ್ಕನ ಮನೆಯ ಚಾವಡಿಯಲ್ಲಿ. ಕಂಟ್ರೋಲರ್ ಅಳಿಯನ ಕೈಯಲ್ಲಿ. ಇದರಲ್ಲಿ ಸೋಂಕು ತಲೆಗೇರಿದ ‘ಕ್ಲಿಕರ್’ ಅಂತ ಕೆಲವು ಬರುತ್ತವೆ. ಕಣ್ಣಿಲ್ಲ, ಟಕ ಟಕ ಸದ್ದು ಮಾಡಿ ಹುಡುಕುತ್ತವೆ. ಅವನು ಕುಕ್ಕರಗಾಲಲ್ಲಿ ಕೂತ ಜೋಯೆಲ್‌ನನ್ನು ಒಂದೊಂದೇ ಹೆಜ್ಜೆ ಸರಿಸುತ್ತಿದ್ದರೆ ಅಡುಗೆಮನೆಯಲ್ಲಿ ಅಕ್ಕ ಸೌಟು ಬೀಳಿಸಿದಳು. ನಾವಿಬ್ಬರೂ ಹಾರಿಬಿದ್ದೆವು.

ಆಸ್ಪತ್ರೆ ಬಂತು. ಎಲಿ ಮೇಜಿನ ಮೇಲೆ, ಎದುರಿಗೆ ಚಾಕು ಹಿಡಿದ ಸರ್ಜನ್. ಅಳಿಯ ಸುಮ್ನೆ ನಿಂತ. ಬಿಟ್ಟುಬಿಡು ಮಾರಾಯ ಅಂದೆ. ‘ಆಗುದಿಲ್ಲ ಮಾಮ, ಇವನನ್ನು ಕೊಲ್ಲದೆ ಕಥೆ ಮುಂದೆ ಹೋಗುದಿಲ್ಲ’ ಅಂದ. ಒತ್ತಿದ. ಕಂಟ್ರೋಲರ್ ಕೆಳಗಿಟ್ಟು ‘ಛೆ, ಕೊಂದೆ’ ಅಂದ.

ಈ ‘ಕೊಂದೆ’ಯನ್ನು ಟಿವಿಗೆ ತರುವುದು ಹೇಗೆ? ಕಥೆ ತರಬಹುದು, ಊರು ಕಟ್ಟಬಹುದು. ಗುಸ್ತಾವೊ ಸಂತಾವೊಲಾಲಾ ಸಂಗೀತವೂ ಎರಡರಲ್ಲೂ ಇದೆ. ಆದರೆ ನೋಡುವವನ ಕೈಯಲ್ಲಿ ಬಟನ್ ಇಲ್ಲವಲ್ಲ.

ಇಲ್ಲಿ ನಮ್ಮ ಆಟವನ್ನೇ ನೆನೆಸಿಕೊಳ್ಳಿ. ಇಡೀ ರಾತ್ರಿಯ ಪ್ರಸಂಗ ಕಾಲಮಿತಿಗೆ ಬಂದಾಗ ಸುಮ್ನೆ ಪದ್ಯ ಕತ್ತರಿಸಿದರೆ ಆಯಿತಾ? ಯಾವುದನ್ನು ಉಳಿಸಬೇಕು ಅಂತ ಭಾಗವತರಿಗೆ ಗೊತ್ತಿರಬೇಕು. ಗೇಮ್‌ನಲ್ಲಿ ಗಂಟೆಗಟ್ಟಲೆ ಏಣಿ ಹುಡುಕುವುದು, ಈಜು ಬಾರದ ಎಲಿಯನ್ನು ಹಲಗೆಯ ಮೇಲೆ ನೀರು ದಾಟಿಸುವುದು, ಗುಂಡು ಲೆಕ್ಕ ಹಾಕುವುದು. ಆಡುವವನಿಗೆ ಅದೇ ರುಚಿ, ನೋಡುವವನಿಗೆ ಆಕಳಿಕೆ. ಸರಣಿ ಅದನ್ನೆಲ್ಲ ಬಿಟ್ಟಿತು. ಹೊಡೆದಾಟವನ್ನೂ ತುಂಬಾ ಇಳಿಸಿತು. ಗಾಳಿಯಲ್ಲಿ ತೇಲುವ ಬೀಜಕಣ ಹೋಗಿ ಬಳ್ಳಿಯಂಥ ಎಳೆಗಳು ಬಂದವು. ಬೀಜಕಣ ಇದ್ದರೆ ಮಾಸ್ಕ್ ಬೇಕು, ಮಾಸ್ಕ್ ಹಾಕಿದರೆ ಮುಖ ಕಾಣುವುದಿಲ್ಲ. ಜೋಯೆಲ್ ಪಾತ್ರ ಮಾಡಿದ ಪೆಡ್ರೊ ಪಾಸ್ಕಲ್ ಮುಖ ಮುಚ್ಚಿ ಎಂತ ಪ್ರಯೋಜನ?

ಬಿಟ್ಟದ್ದಕ್ಕೆ ಬದಲಾಗಿ ಸಿಕ್ಕಿದ್ದು ಮೂರನೇ ಕಂತು. ಗೇಮ್‌ನಲ್ಲಿ ಬಿಲ್ ಒಬ್ಬ ಸಿಡುಕ. ಅವನ ಸಂಗಾತಿ ಫ್ರಾಂಕ್ ನಮಗೆ ಸಿಗುವುದು ಹೆಣವಾಗಿ, ಜೊತೆಗೆ ಒಂದು ಕಹಿ ಪತ್ರ. ಅಷ್ಟೇ. ನಾವು ಜೋಯೆಲ್ ಅಲ್ವಾ, ಅವನು ಹೋಗದ ಕಡೆ ನಾವೂ ಹೋಗುವ ಹಾಗಿಲ್ಲ. ಟಿವಿಗೆ ಆ ಕಟ್ಟು ಇಲ್ಲ. ಅದು ಜೋಯೆಲ್‌ನನ್ನು ದಾರಿಯಲ್ಲೇ ಬಿಟ್ಟು ಆ ಇಬ್ಬರ ವರ್ಷಗಟ್ಟಲೆಯ ಸಂಸಾರ ತೋರಿಸಿತು. ಬಿಲ್‌ನ ಒಂದು ಪಿಸ್ತೂಲು ಕೊಟ್ಟು ಫ್ರಾಂಕ್ ಸ್ಟ್ರಾಬೆರಿ ಬೀಜ ತರುತ್ತಾನೆ. ಹಣ್ಣು ಬಾಯಿಗಿಟ್ಟ ಬಿಲ್ ಚಿಕ್ಕ ಹುಡುಗನ ಹಾಗೆ ನಗುತ್ತಾನೆ. ಕಥೆಯನ್ನು ಇದು ಒಂದಿಂಚೂ ಮುಂದೆ ತಳ್ಳುವುದಿಲ್ಲ ಅಂತ ದೂರಿದವರಿದ್ದಾರೆ. ನನಗಂತೂ ಇಡೀ ಸರಣಿಯಲ್ಲಿ ಇದೇ ಜಾಸ್ತಿ ಇಷ್ಟ.

ಗೇಮ್‌ನಿಂದಲೇ ಬಂದ ಇನ್ನೊಂದು ಸರಣಿ, 2024ರ ‘ಫಾಲೌಟ್’, ಬೇರೆ ದಾರಿ ಹಿಡಿಯಿತು. 1997ರಿಂದ ಬಂದ ಅದೇ ಹೆಸರಿನ ಗೇಮ್‌ಗಳಲ್ಲಿ ಆಡುವವನೇ ತನ್ನ ದಾರಿ ಆರಿಸುತ್ತಾನೆ. ಯಾರ ಕಥೆಯನ್ನು ತೆಗೆಯುವುದು? ಹಾಗಾಗಿ ಜನ ಅಡಗಿ ಬದುಕುವ ನೆಲದಡಿಯ ವಾಲ್ಟ್‌ಗಳು, ದುಡ್ಡಿನ ಬದಲು ಬಾಟಲಿ ಮುಚ್ಚಳ, ಇವನ್ನೆಲ್ಲ ಹಾಗೇ ಇಟ್ಟುಕೊಂಡು ಪ್ರಸಂಗ ಮಾತ್ರ ಹೊಸದು ಕಟ್ಟಿದರು.

ಆಸ್ಪತ್ರೆಗೆ ವಾಪಸ್ ಬರುತ್ತೇನೆ. ಸರಣಿಯಲ್ಲಿ ಅಲ್ಲಿ ಗುಂಡಿನ ಸದ್ದು ತಗ್ಗುತ್ತದೆ, ಸಂಗೀತ ಮೇಲೇಳುತ್ತದೆ. ಜೋಯೆಲ್ ಕೋಣೆಯಿಂದ ಕೋಣೆಗೆ ನಡೆಯುತ್ತಾನೆ. ಮುಖದಲ್ಲಿ ಏನೂ ಇಲ್ಲ. ಕೈಯಲ್ಲಿ ಬಟನ್ ಇಲ್ಲದವರಿಗೆ ಅವರು ಕೊಟ್ಟದ್ದು ಆ ಖಾಲಿ ಮುಖ. ನಾವು ಅದೇ ಚಾವಡಿಯಲ್ಲಿ ಕೂತು ನೋಡಿದೆವು, ಅದೇ ಅಳಿಯ, ಕೈಯಲ್ಲಿ ಈಗ ಚಕ್ಕುಲಿ. ಸರ್ಜನ್ ಬಿದ್ದ.

‘ಕೊಂದ’ ಅಂದ ಅಳಿಯ.