ಬೆಕ್ಕು ಊಟ ಬಿಟ್ಟಾಗ

ಕೇಳುಗರಿಗೆ ನಮಸ್ಕಾರ.

ನಮ್ಮ ಮಂಡ್ಯದ ಹಳ್ಳಿಗಳಲ್ಲಿ ಬೆಕ್ಕು ಊಟ ಬಿಟ್ಟರೆ ಮೊದಲು ಕೇಳಿಬರುವ ಮಾತು, ‘ಎಲ್ಲೋ ಇಲಿ ಹಿಡಿದು ತಿಂದಿರುತ್ತೆ ಬಿಡಿ’. ಮನೆ ಪಕ್ಕದಲ್ಲೇ ಕಬ್ಬಿನ ಗದ್ದೆ ಇದ್ದರೆ ಅದು ನಿಜವೂ ಇರಬಹುದು. ಒಂದು ಹೊತ್ತು ಬಿಟ್ಟರೆ ಗಾಬರಿ ಬೇಡ. ಆದರೆ 24 ಗಂಟೆ ಏನೂ ಮುಟ್ಟದಿದ್ದರೆ ಪಶುವೈದ್ಯರಿಗೆ ತೋರಿಸಲೇಬೇಕು. ಮರಿಯಾದರೆ ಅರ್ಧ ದಿನ ಕಾಯುವುದೂ ಜಾಸ್ತಿಯೇ.

ಯಾಕಿಷ್ಟು ಅವಸರ? ನಾವು ಎರಡು ದಿನ ಉಪವಾಸ ಇದ್ದರೂ ತಡೆದುಕೊಳ್ಳುತ್ತೇವೆ. ಬೆಕ್ಕಿನ ಮೈ ಹಾಗಲ್ಲ. ಹೊಟ್ಟೆಗೆ ಏನೂ ಬೀಳದಿದ್ದರೆ ಮೈಯಲ್ಲಿರುವ ಕೊಬ್ಬು ಕರಗಿ ಲಿವರ್‌ಗೆ ಬಂದು ತುಂಬಿಕೊಳ್ಳುತ್ತದೆ. ಅಷ್ಟನ್ನು ಅರಗಿಸುವ ಶಕ್ತಿ ಅದಕ್ಕಿಲ್ಲ. ಕೆಲವೇ ದಿನಗಳಲ್ಲಿ ಲಿವರ್ ಸೋಲುತ್ತದೆ. ದಪ್ಪ ಬೆಕ್ಕಿಗೇ ಈ ಅಪಾಯ ಜಾಸ್ತಿ. ‘ಮೈ ತುಂಬಿಕೊಂಡಿದೆ, ನಾಲ್ಕು ದಿನ ತಿನ್ನದಿದ್ರೆ ಏನಾಗುತ್ತೆ’ ಅಂತ ದಯವಿಟ್ಟು ಸುಮ್ಮನಿರಬೇಡಿ. ತುಟಿ ಮೆಲ್ಲಗೆ ಎತ್ತಿ ಒಸಡು ನೋಡಿ, ಕಿವಿಯ ಒಳಗೂ ನೋಡಿ. ಹಳದಿ ಕಂಡರೆ ಅದು ಕಾಮಾಲೆ. ಅವತ್ತೇ ಹೊರಡಿ.

ಕೆಲವು ಬೆಕ್ಕು ತಟ್ಟೆ ಹತ್ತಿರ ಬರುತ್ತವೆ, ಮೂಸುತ್ತವೆ, ಹಿಂದಕ್ಕೆ ಸರಿಯುತ್ತವೆ. ಜೊಲ್ಲು ಸುರಿಯುತ್ತಿದ್ದರೆ ಹಲ್ಲು ನೋವೋ ಬಾಯಿ ಹುಣ್ಣೋ ಇರಬಹುದು. ನೆಗಡಿಯಾಗಿ ಮೂಗು ಕಟ್ಟಿದರೂ ತಿನ್ನುವುದಿಲ್ಲ, ವಾಸನೆ ಸಿಗದೆ ಬೆಕ್ಕಿಗೆ ಊಟ ರುಚಿಸದು. ಮೀನನ್ನೋ ಕೋಳಿಯನ್ನೋ ಉಪ್ಪು, ಈರುಳ್ಳಿ ಹಾಕದೆ ಬೇಯಿಸಿ, ಉಗುರು ಬೆಚ್ಚಗೆ ಇಟ್ಟು ನೋಡಿ.

ಮೈಸೂರಿನಲ್ಲಿ ಮಲ್ಲಿಗೆ ಕಟ್ಟುವ ಮನೆಗಳವರಿಗೆ ಒಂದು ಮಾತು. ಹೂ ಕಟ್ಟುವ ದಾರ ಬೆಕ್ಕಿಗೆ ಆಟದ ಸಾಮಾನು. ನುಂಗಿದರೆ ಕರುಳಿಗೆ ಸಿಕ್ಕಿಕೊಳ್ಳುತ್ತದೆ. ವಾಂತಿ ಶುರುವಾಗುತ್ತದೆ, ಊಟ ನಿಲ್ಲುತ್ತದೆ. ಬಾಯಿಂದಲೋ ಹಿಂದಿನಿಂದಲೋ ದಾರದ ತುದಿ ಕಂಡರೂ ಎಳೆಯಬೇಡಿ, ಕರುಳೇ ಕೊಯ್ದು ಹೋಗಬಹುದು.

ಗಂಡು ಬೆಕ್ಕು ಪದೇ ಪದೇ ಕೂತು ತಿಣುಕುತ್ತಿದ್ದು, ಮೂತ್ರ ಬಾರದಿದ್ದರೆ ಒಂದು ಗಂಟೆಯೂ ಕಾಯಬೇಡಿ. ಮೂತ್ರದ ದಾರಿ ಕಟ್ಟಿದರೆ ಎರಡು ದಿನದೊಳಗೆ ಜೀವ ಹೋಗಬಹುದು. ಇಲಿ ಪಾಷಾಣ ತಿಂದ ಅನುಮಾನ ಇದ್ದರೂ ಅಷ್ಟೇ. ಪಾಷಾಣದ ಪೊಟ್ಟಣವನ್ನೂ ಜೊತೆಗೆ ಒಯ್ಯಿರಿ.

ಜ್ವರ ಇರಬಹುದೆಂದು ಪ್ಯಾರಾಸಿಟಮಾಲ್ ಮಾತ್ರ ಕೊಡಲೇಬೇಡಿ. ಬೆಕ್ಕಿಗೆ ಅದು ವಿಷ, ಒಂದು ಮಾತ್ರೆಯೇ ಕೊಲ್ಲಬಹುದು.

ಪಶು ಆಸ್ಪತ್ರೆ ಇರುವುದು ಹಸು, ಎಮ್ಮೆಗೆ ಮಾತ್ರ ಅಂತ ಸಂಕೋಚ ಬೇಡ. ಗಾಳಿಯಾಡುವ ಮುಚ್ಚಳದ ಬುಟ್ಟಿಗೆ ಹಳೇ ಬಟ್ಟೆ ಹಾಸಿ ಕರೆದೊಯ್ಯಿರಿ. ಕೊನೆಗೆ ತಿಂದದ್ದು ಯಾವಾಗ, ಮೂತ್ರ ಮಾಡಿದ್ದು ಯಾವಾಗ, ವಾಂತಿ ಆಯಿತೇ ಎಂಬುದನ್ನು ಡಾಕ್ಟರಿಗೆ ತಪ್ಪದೆ ಹೇಳಿ. ನಮಸ್ಕಾರ.